ಹದಿನೇಳನೇ ನಂಬರಿನ ಹೆಗಲು

“ಇವನಿಗೆ ಹೆಗಲಿನ ಕಾಯಿಲೆ ಇಲ್ಲ, ಮೈಗಳ್ಳತನದ ಕಾಯಿಲೆ ಇದೆ. ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟ ದರ್ಜಿ, ಡಾಕ್ಟರಾಗೋ ಹುಡುಗಿಗೆ ಟೋಪಿ ಹಾಕಿದ್ದಾನೆ. ಎಲ್ಲರೂ ಸರಿಯಾಗಿ ನೋಡಿಟ್ಟುಕೊಳ್ಳಿ. ಇಂಥವರು ನಿಮಗೆ ಜೀವಮಾನವಿಡೀ ಸಿಗ್ತಾರೆ.”

ಅದುವರೆಗೆ ವಿದ್ಯಾರ್ಥಿಗಳ ಜೊತೆ ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದ ಡಾಕ್ಟರ್ ಸರ್ವಮಂಗಳಮ್ಮ ಇದೊಂದನ್ನು ಮಾತ್ರ ಕನ್ನಡದಲ್ಲಿ ಹೇಳಿದರು. ಬೈಸಿಕೊಂಡವನಿಗೆ ತಿಳಿಯದೆ ಹೋದರೆ ಬೈದು ಏನು ಬಂತು? ಆಂಧ್ರದ ಗಡಿಯ ಮಡಕಶಿರಾದಲ್ಲಿರುವ ಮೆಡಿಕಲ್ ಕಾಲೇಜಿನ ತರಬೇತಿ ಕೇಂದ್ರದ ಆ ಹಾಲಿನಲ್ಲಿ ಬಿಳಿ ಕೋಟಿನ ವಿದ್ಯಾರ್ಥಿಗಳೇ ಅರವತ್ತು ಜನ. ಗೋಡೆಗೆ ಒರಗಿ ರಾಯದುರ್ಗದ ಹನ್ನೆರಡು ಜನ ಟೈಲರುಗಳು, ಅಮರಾಪುರದ ಕಡೆಯಿಂದ ಬಂದ ಹನ್ನೆರಡು ಜನ ಕುರಿ ಕಾಯುವವರು. ಅಷ್ಟು ಜನರ ನಡುವೆ, ಅಂಗಿ, ಬನಿಯನ್ ಎರಡೂ ಬಿಚ್ಚಿ, ಕೊರಳಿಗೆ ಹದಿನೇಳು ಎಂದು ಬರೆದ ಕಾರ್ಡು ನೇತುಹಾಕಿಕೊಂಡು ಸ್ಟೂಲಿನ ಮೇಲೆ ಕೂತಿದ್ದವನು ಚೌಡೇಶ.

ಅರವತ್ತರಲ್ಲಿ ಯಾರೋ ಒಬ್ಬ ನಕ್ಕ. ಉಳಿದವರು ನಗಲೋ ಬೇಡವೋ ಎಂದು ಮೇಡಂ ಮುಖ ನೋಡಿ, ಅವರೂ ತುಟಿ ಕೊಂಕಿಸಿದ್ದು ಕಂಡ ಮೇಲೆ ನಕ್ಕರು.

ನಗದೆ ಇದ್ದವಳು ಒಬ್ಬಳೇ. ಅವನ ಹೆಗಲನ್ನು ಕೊನೆಯದಾಗಿ ಪರೀಕ್ಷೆ ಮಾಡಿದ ಕೃಷ್ಣವೇಣಿ. ಕೋನ ಅಳೆಯುವ ಪ್ಲಾಸ್ಟಿಕ್ ಪಟ್ಟಿ ಇನ್ನೂ ಅವಳ ಕೈಯಲ್ಲೇ ಇತ್ತು.

“ಮೇಡಂ, ನಾನು ಮೂರು ಸಲ ಅಳೆದೆ. ತಾನಾಗಿ ಎತ್ತಿದರೆ ಎಂಬತ್ತು ಡಿಗ್ರಿಗೆ ನಿಂತುಬಿಡುತ್ತೆ. ನಾನು ಹಿಡಿದು ಎತ್ತಿದರೆ ಮೇಲೆ ಹೋಗುತ್ತೆ, ಬಿಟ್ಟರೆ ಬಿದ್ದುಹೋಗುತ್ತೆ.”

“ನಿನಗಿಂತ ಮುಂಚೆ ಐದು ಜನ ಇದೇ ಹೆಗಲು ನೋಡಿದ್ದಾರೆ. ಐದೂ ಜನ ನಾರ್ಮಲ್ ಅಂತ ಬರೆದಿದ್ದಾರೆ. ಹೋದ ತಿಂಗಳು ರಾಯದುರ್ಗದಲ್ಲಿ ನಾನೇ ಕೈಯಾರೆ ಅಳೆದಿದ್ದೀನಿ, ನೂರ ಎಪ್ಪತ್ತು. ಒಂದು ತಿಂಗಳಲ್ಲಿ ಎಂಬತ್ತಕ್ಕೆ ಇಳಿಯೋಕೆ ಇದೇನು ಈರುಳ್ಳಿ ರೇಟಾ?”

ಈ ಸಲ ಎಲ್ಲರೂ ಧೈರ್ಯವಾಗಿ ನಕ್ಕರು. ಮೇಡಂ ಅವಳ ಹಾಳೆಯ ಮೇಲೆ ಕೆಂಪು ಇಂಕಿನಲ್ಲಿ ಸೊನ್ನೆ ಸುತ್ತಿ, ಹದಿನೆಂಟನೇ ನಂಬರಿನವನ ಕಡೆ ನಡೆದರು. ಚೌಡೇಶನ ಹೆಗಲನ್ನು ಮುಟ್ಟಿಯೂ ನೋಡಲಿಲ್ಲ.

ಚೌಡೇಶನ ನೆತ್ತಿ ಕಾದು ಕೆಂಡವಾಗಿತ್ತು. ಆದರೆ ಬಾಯಿ ಏಳಲಿಲ್ಲ. ಬರೀ ಬೈಗುಳವಾಗಿದ್ದರೆ ಅಲ್ಲೇ ತಿರುಗಿಸಿ ಕೊಡುತ್ತಿದ್ದ. ರಾಯದುರ್ಗದಲ್ಲಿ ಅವನ ನಾಲಿಗೆಗೆ ಹೆದರದ ಮೇಸ್ತ್ರಿ ಇರಲಿಲ್ಲ. ಈಗ ಬಾಯಿ ಕಟ್ಟಿಹಾಕಿದ್ದು ಆ ನೂರ ಎಪ್ಪತ್ತು. ಅದು ಯಾರ ಹೆಗಲಿನ ಅಳತೆ ಎನ್ನುವುದು ಆ ಹಾಲಿನಲ್ಲಿ ಅವನೊಬ್ಬನಿಗೇ ಗೊತ್ತಿತ್ತು. ಅದು ಅವನ ಸೋದರಮಾವನ ಮಗ ಹನುಮೇಶನದು.

ನಡೆದದ್ದು ಹೀಗೆ. ಚೌಡೇಶ ರಾಯದುರ್ಗದ ಒಂದು ಜೀನ್ಸ್ ಯೂನಿಟ್ಟಿನಲ್ಲಿ ಹದಿನಾಲ್ಕನೇ ವಯಸ್ಸಿನಿಂದ ಪ್ಯಾಂಟಿಗೆ ಸೊಂಟದ ಪಟ್ಟಿ ಹಚ್ಚುವ ಮಷೀನಿನ ಮೇಲೆ ಕೂತವನು. ಪಟ್ಟಿ ಹಚ್ಚುವ ಹೊತ್ತಿಗೆ ಪ್ಯಾಂಟು ಪೂರ್ತಿ ಆಗಿರುತ್ತದೆ. ಅಷ್ಟು ದಪ್ಪ ಬಟ್ಟೆಯ ಅಷ್ಟೂ ಭಾರವನ್ನು ಬಲಗೈ ಎಳೆಯಬೇಕು, ತಿರುವಬೇಕು, ಹೊಲಿದಾದ ಮೇಲೆ ತಲೆಯ ಮೇಲಿಂದ ಹಿಂದಿನ ರಾಶಿಗೆ ಎಸೆಯಬೇಕು. ದಿನಕ್ಕೆ ಮುನ್ನೂರು ಸಲ, ಹತ್ತು ವರ್ಷ. ಆರು ತಿಂಗಳ ಹಿಂದೆ ಒಂದು ಮಧ್ಯಾಹ್ನ ಎಸೆಯಲು ಎತ್ತಿದ ಕೈಯೊಳಗೆ ಬಟ್ಟೆ ಹರಿದ ಹಾಗೆ ಏನೋ ಹರಿಯಿತು. ಅಂದಿನಿಂದ ತಲೆ ಬಾಚಲು ಎಡಗೈ, ಅಂಗಿ ತೊಡಲು ತಾಯಿ ಬನಶಂಕರಮ್ಮನ ಕೈ. ಹೊಲಿಯುವುದಕ್ಕೆ ಮಾತ್ರ ಅದೇ ಬಲಗೈ.

ಮೇಸ್ತ್ರಿ ರಾಮಯ್ಯನನ್ನು ಕೇಳಿದ. ಲೇಬಲ್ ಹಚ್ಚುವ ಮಷೀನು ಕಡಿಮೆ ಭಾರದ್ದು, ಅಲ್ಲಿಗೆ ಹಾಕು ಅಂದ. ರಾಮಯ್ಯ ವೀಳ್ಯ ಜಗಿಯುತ್ತಾ ಹೇಳಿದ್ದ: “ಎಲ್ಲಾರಿಗೂ ಲೇಬಲ್ ಮಷೀನ್ ಬೇಕಾಗೇತಪ. ಬೇನಿ ಐತಿ ಅಂತ ಬಾಯಿಲೆ ಹೇಳಿದ್ರ ಓನರ್ ನಂಬಂಗಿಲ್ಲ. ಡಾಕ್ಟ್ರು ಬರದ್ ಕೊಟ್ಟ ಕಾಗದ ತಗಂಬಾ, ಮರುದಿನಾನ ಹಾಕಸ್ತೀನಿ. ಇಲ್ಲಾಂದ್ರ ಪಟ್ಟಿ ಹಚ್ಚು, ಇಲ್ಲ ಗೇಟಿನ ಹೊರಗ ನಡಿ.”

ಆ ಕಾಗದವೊಂದೇ ಈಗ ಚೌಡೇಶನಿಗೆ ಬೇಕಾಗಿದ್ದದ್ದು. ಇನ್ನಾರು ತಿಂಗಳು ಆ ಮಷೀನಿನ ಮೇಲೆ ಕೂತರೆ ಕೈ ಕೈಯಾಗಿ ಉಳಿಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಅಂಥ ಹೊತ್ತಿಗೆ ಕಾಲೇಜಿನವರು ಬಂದರು. ಕೈಕಾಲು, ಕೀಲು, ಬೆನ್ನು ಪರೀಕ್ಷೆ ಮಾಡುವುದನ್ನು ವಿದ್ಯಾರ್ಥಿಗಳಿಗೆ ಹೊಸ ಬಗೆಯಲ್ಲಿ ಕಲಿಸಿದ್ದೇವೆ, ಅವರು ಎಷ್ಟು ಕಲಿತಿದ್ದಾರೆ ನೋಡಬೇಕು, ಅದೊಂದು ಸಂಶೋಧನೆ, ಅದಕ್ಕೆ ದುಡಿದ ಮೈಯವರು ಬೇಕು ಅಂದರು. ಮೊದಲು ಮೇಡಂ ತಾವೇ ಎಲ್ಲರನ್ನೂ ಅಳೆದು ಬರೆದಿಟ್ಟುಕೊಳ್ಳುತ್ತಾರೆ. ತಿಂಗಳಾದ ಮೇಲೆ ಮಡಕಶಿರಾದಲ್ಲಿ ವಿದ್ಯಾರ್ಥಿಗಳು ಅಳೆಯುತ್ತಾರೆ. ಮೇಡಂ ಬರೆದದ್ದಕ್ಕೆ ಹೊಂದಿದರೆ ಮಾರ್ಕು, ಹೊಂದದಿದ್ದರೆ ಸೊನ್ನೆ. ಅಲ್ಲಿಗೆ ಬಂದವರಲ್ಲಿ ಕಾಯಿಲೆ ಸಿಕ್ಕರೆ ಕಾಗದ ಬರೆದುಕೊಡುತ್ತೇವೆ ಅಂತಲೂ ಅಂದರು. ಚೌಡೇಶ ಎಲ್ಲರಿಗಿಂತ ಮೊದಲು ಹೆಸರು ಕೊಟ್ಟ.

ಮೇಡಂ ರಾಯದುರ್ಗಕ್ಕೆ ಬಂದ ದಿನವೇ ಬಳ್ಳಾರಿಗೆ ಹೋಗಬೇಕಾದ ಪ್ಯಾಂಟುಗಳ ಲಾಟು ಅರ್ಜೆಂಟಾಗಿ ಬಿತ್ತು. ರಾಮಯ್ಯ ಗೇಟು ದಾಟಲು ಬಿಡಲಿಲ್ಲ. ರಾಯದುರ್ಗದ ಯೂನಿಟ್ಟುಗಳಲ್ಲಿ ಇದಕ್ಕೊಂದು ರೂಢಿ ಇದೆ. ಯಾವ ಮಷೀನೂ ನಿಲ್ಲಬಾರದು. ಒಬ್ಬನ ಮಗುವಿಗೆ ಜ್ವರ ಬಂದರೆ ಅವನ ತಮ್ಮನೋ ಭಾವನೋ ಬಂದು ಅದೇ ಸೀಟಿನಲ್ಲಿ ಕೂತು, ಅದೇ ಹೆಸರಿನಲ್ಲಿ ಹೊಲಿದು ಹೋಗುತ್ತಾನೆ. ಅದಕ್ಕೆ ಬದಲಿ ಎನ್ನುತ್ತಾರೆ. ಸುಳ್ಳು ಎಂದು ಯಾರೂ ಅನ್ನುವುದಿಲ್ಲ. ಹೆಸರು ಸೀಟಿನದು, ಮೈ ಯಾರದ್ದಾದರೇನು? ಚೌಡೇಶ ಅದೇ ರೂಢಿಯಂತೆ ಹನುಮೇಶನಿಗೆ ಫೋನು ಮಾಡಿದ: “ಬದಲಿ ಹೋಗಿ ಬಾರಪ. ನನ್ನ ಹೆಸರು ಹೇಳು, ಹದಿನೇಳನೇ ಕಾರ್ಡು. ಅವ್ರು ಕೈ ಎತ್ತು ಅಂತಾರ, ಎತ್ತು. ಊಟಾನೂ ಐತಂತ.”

ಹನುಮೇಶ ಹೋದ. ಕೈ ಎತ್ತು ಅಂದರು, ಹೋಗುತ್ತಿರುವ ಬಸ್ಸು ನಿಲ್ಲಿಸುವವನಂತೆ ಎರಡೂ ಕೈ ಎತ್ತಿದ. ಮೇಡಂ ಒಂದೇ ಮಧ್ಯಾಹ್ನದೊಳಗೆ ಹನ್ನೆರಡು ಜೊತೆ ಹೆಗಲು ಅಳೆದು ಅನಂತಪುರದ ಕಾಲೇಜಿಗೆ ವಾಪಸಾದರು. ಯಾವ ಹೆಗಲಿನ ಮೇಲೆ ಯಾರ ತಲೆಯಿತ್ತು ಎಂದು ಅವರು ನೋಡಿರಲಿಲ್ಲ. ನೋಡಿದ್ದರೆ, ಇವತ್ತು ಸ್ಟೂಲಿನ ಮೇಲೆ ಕೂತವನು ಬೇರೆಯವನು ಎಂದು ಹಾಲಿನ ಆ ತುದಿಯಿಂದಲೇ ತಿಳಿಯಬೇಕಿತ್ತು. ಹನುಮೇಶ ಆರಡಿ, ಕೆಂಪಗಿದ್ದಾನೆ. ಚೌಡೇಶ ಅವನ ಎದೆಮಟ್ಟಕ್ಕೆ ಬರುತ್ತಾನೆ, ಮೇಲಾಗಿ ಹುಬ್ಬಿನ ಮೇಲೆ ಸೂಜಿ ಮುರಿದು ಸಿಡಿದ ಗಾಯದ ಕಲೆ.

ಊಟದ ಹೊತ್ತಾಯಿತು. ಚೌಡೇಶ ಅಂಗಿಯನ್ನು ಹೆಗಲ ಮೇಲೆ ಎಳೆದುಕೊಂಡು ಹೊರಗೆ ನೀರಿನ ಟ್ಯಾಂಕಿನ ನೆರಳಿಗೆ ಬಂದು ಕೂತ. ಪಕ್ಕದಲ್ಲಿ ಅಮರಾಪುರದ ಸೂರಪ್ಪ ಮಂಡಿ ಚಾಚಿಕೊಂಡು ಚಿತ್ರಾನ್ನ ತಿನ್ನುತ್ತಿದ್ದ. ಅರವತ್ತು ದಾಟಿದ ಮುದುಕ, ತಲೆಗೆ ಕೆಂಪು ವಸ್ತ್ರ.

“ಯಾಕ್ಲಾ ತಮ್ಮಾ, ಹಂಗೆ ಉರೀತಾ ಕುಂತಿದ್ದೀಯ? ಹೋಗಿ ಅನ್ನ ಇಕ್ಕಿಸ್ಕಂಬಾ.”

“ಬ್ಯಾಡ್ರಿ. ಆಕಿ ಅನ್ನ ನನಗ ಬ್ಯಾಡ.”

“ಅವಮ್ಮ ಎಲ್ಲಿ ಅಡಿಗೆ ಮಾಡವ್ಳೆ? ಮಾಡಿರೋಳು ಓಬಮ್ಮ, ನಮ್ಮೂರೋಳು. ಅವ್ಳ ಮ್ಯಾಲೆ ಯಾಕೆ ಸಿಟ್ಟು?” ಸೂರಪ್ಪ ತುತ್ತು ನುಂಗಿ, ದನಿ ತಗ್ಗಿಸಿದ. “ಬೆಳಿಗ್ಗೆ ನಂಗೂ ಅಂದ್ರು ಕಣಪ್ಪ. ಹೋದ ತಿಂಗ್ಳು ನಿನ್ ಮಂಡಿ ನೆಟ್ಟಗಿತ್ತು, ಇವಾಗ ಬೂದುಗುಂಬಳ ಆದಂಗೆ ಯಾಕೆ ಊದೈತೆ ಅಂತ. ನಾನೇನ್ ಹೇಳ್ಲಿ? ಹೋದ ತಿಂಗ್ಳು ಹೋಗಿದ್ದೋನು ನಾನಲ್ಲ, ನನ್ ತಮ್ಮ. ಕುರಿ ಬಿಟ್ಟು ಬರಕ್ಕಾಯ್ತದಾ? ಮನೇಲಿ ಅವ್ನು ಖಾಲಿ ಕುಂತಿದ್ದ, ನನ್ ಕಾರ್ಡು ಕೊಟ್ಟು ಕಳಿಸ್ದೆ.”

ಚೌಡೇಶ ಒಂದು ಗಳಿಗೆ ಅವನನ್ನೇ ನೋಡಿದ. ಆಮೇಲೆ ಎದ್ದು, ಊಟಕ್ಕೆ ಕೂತ ರಾಯದುರ್ಗದವರ ಸಾಲಿಗೆ ಹೋದ. ಒಬ್ಬೊಬ್ಬರ ಮುಂದೆಯೂ ಕುಕ್ಕರುಗಾಲಿನಲ್ಲಿ ಕೂತು ಒಂದೇ ಮಾತು ಕೇಳಿದ: “ಹೋದ ತಿಂಗಳು ನೀನ ಬಂದಿದ್ಯಾ, ಬದಲಿ ಕಳ್ಸಿದ್ಯಾ?” ಕೆಲವರು ನಕ್ಕರು, ಕೆಲವರು “ನಿನಗ್ಯಾಕಲೇ ಅದು” ಎಂದು ಗದರಿದರು. ಲೆಕ್ಕ ಹಾಕಿದರೆ ಅವನೂ ಸೇರಿ ಏಳು ಜನ. ಕುರಿಯವರ ಸಾಲಿನಲ್ಲೂ ಕೇಳಿದ, ಅಲ್ಲಿ ಸೂರಪ್ಪನ ಜೊತೆ ಇನ್ನೊಬ್ಬ. ಇಪ್ಪತ್ನಾಲ್ಕರಲ್ಲಿ ಒಂಬತ್ತು. ಮೇಡಂ ಅಳೆದ ಮೈ ಒಂದು, ಇವತ್ತು ಪರೀಕ್ಷೆಗೆ ಕೂತ ಮೈ ಇನ್ನೊಂದು.

ಅವನಿಗೆ ನಗು ಬರಬೇಕಿತ್ತು. ಬಂದದ್ದು ಇನ್ನಷ್ಟು ಸಿಟ್ಟು. ಮೇಡಂ ಮೇಲೆ, ರಾಮಯ್ಯನ ಮೇಲೆ, ಊಟ ಇದೆ ಎಂದು ಹೋದ ಹನುಮೇಶನ ಮೇಲೆ. ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಮೇಲೆ. ಮೈಯನ್ನೇ ಸೀಟು ಅಂದುಕೊಂಡೆನಲ್ಲ, ಇನ್ನೊಬ್ಬನನ್ನು ಕೂರಿಸಿ ಬರಬಹುದು ಅಂದುಕೊಂಡೆನಲ್ಲ ಎಂದು ಹಲ್ಲು ಕಡಿದ.

ಟ್ಯಾಂಕಿನ ಹಿಂದೆ ಕೃಷ್ಣವೇಣಿ ಮುಖ ತೊಳೆಯುತ್ತಿದ್ದಳು. ಅತ್ತಿದ್ದಾಳೆ ಎಂದು ಗೊತ್ತಾಗುತ್ತಿತ್ತು. ಅವನನ್ನು ಕಂಡು ದುಪಟ್ಟಾದಿಂದ ಮುಖ ಒತ್ತಿಕೊಂಡು ನೇರವಾಗಿ ಕೇಳಿದಳು.

“ಅಣ್ಣಾ, ಒಂದು ನಿಜ ಹೇಳ್ರಿ. ನಾಟಕ ಮಾಡಿದ್ರಾ?”

“ಇಲ್ರಿ ಡಾಕ್ಟ್ರಮ್ಮಾ. ನೀವ ನೋಡಿದ್ರಲ್ಲ. ಕೈ ಬಿಟ್ಟ ಕೂಡ್ಲೆ ಬೀಳಾಕತ್ತಿದ್ದು ನೋಡಿ ಕೆಳಗ ನಿಮ್ಮ ಕೈ ಕೊಟ್ರಿ.”

“ಹಂಗಾದ್ರೆ ನನಗಿಂತ ಮುಂಚೆ ನೋಡಿದ ಐದು ಜನಕ್ಕೆ ಕಾಣಲಿಲ್ವಾ?”

“ಕಂಡೈತಿ. ಮೂರು ಮಂದಿ ಕೈ ಎತ್ತು ಅಂದ್ರು, ನಾ ಎತ್ತಾಕ ಬರವಲ್ದು ಅಂದೆ. ಸಾಕು ಬಿಡು ಅಂದ್ರು. ಇಬ್ಬರಂತೂ ಮುಟ್ಟೇ ಇಲ್ಲ. ಜೇಬಿನಾಗಿಂದ ಚೀಟಿ ತಗದು ನೋಡಿ ಬರ್ಕಂಡು ಹೋದ್ರು.”

ಆ ಚೀಟಿ ಎಲ್ಲಿಯದು ಎಂದು ಕೃಷ್ಣವೇಣಿಗೆ ಗೊತ್ತಿತ್ತು. ಮೇಡಂ ಬರೆದಿಟ್ಟ ಉತ್ತರಗಳು ವಾರದ ಹಿಂದೆಯೇ ಹಾಸ್ಟೆಲಿನಲ್ಲಿ ಫೋನಿಂದ ಫೋನಿಗೆ ಓಡಾಡಿದ್ದವು. ಅವಳ ಫೋನಿಗೂ ಬಂದಿತ್ತು. ಅವಳು ತೆರೆದಿರಲಿಲ್ಲ. ಹೇಮಾವತಿ ಎಂಬ ಊರಿನಲ್ಲಿ ಅವಳಪ್ಪ ರಾಗಿ ಬೆಳೆಯುತ್ತಾ ಮಗಳನ್ನು ಡಾಕ್ಟರು ಓದಿಸುತ್ತಿದ್ದ. ಈ ಪರೀಕ್ಷೆ ಹೋದರೆ ಆರು ತಿಂಗಳು ಹಿಂದೆ ಬೀಳುತ್ತಾಳೆ. ಇದನ್ನೆಲ್ಲ ಅವಳು ತಾನಾಗಿ ಹೇಳಲಿಲ್ಲ. ಅವನು ಕೆದಕಿ ಕೇಳಿದ್ದಕ್ಕೆ ಒಂದೊಂದೇ ಹೇಳಿದಳು.

ಆಗ ಅವನು ಬದಲಿಯ ವಿಷಯ ಹೇಳಿದ. ಹನುಮೇಶನದು, ಸೂರಪ್ಪನ ತಮ್ಮನದು, ಒಂಬತ್ತೂ ಜನರದು.

ಅವಳಿಗೆ ಸಿಟ್ಟು ಬಂತು. ಬರಬೇಕಾದ್ದೇ. “ಎಂಥ ಕೆಲಸ ಮಾಡಿದ್ರಿ ಅಣ್ಣಾ ನೀವು. ಒಬ್ಬರ ಮೈ ಇನ್ನೊಬ್ಬರು ಕೊಡೋಕಾಗುತ್ತಾ?”

“ಆಗಂಗಿಲ್ಲ ಅಂತ ಈಗ ಗೊತ್ತಾತು.”

“ಮೇಡಂ ಹತ್ರ ಹೇಳ್ತೀರಾ?”

“ನಡೀರಿ,” ಅಂದ.

ಮೇಡಂ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು. ಟಿಫಿನ್ ಡಬ್ಬಿ ಮುಚ್ಚಿಟ್ಟು ಅವರು ಲ್ಯಾಪ್‌ಟಾಪ್ ನೋಡುತ್ತಿದ್ದರು. ಚೌಡೇಶ ನಿಂತೇ ಹೇಳಿದ. ಮೆತ್ತಗೆ ಹೇಳಬೇಕು ಎಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದ, ಆಗಲಿಲ್ಲ.

“ಮೇಡಂ, ಹೋದ ತಿಂಗಳು ನೀವು ಅಳದಿದ್ದು ನನ್ನ ಹೆಗಲಲ್ಲ. ನಾ ಬದಲಿ ಕಳ್ಸಿದ್ದೆ. ತಪ್ಪು ನಂದು, ಒಪ್ಕಂತೀನಿ. ಆದ್ರ ನಾಟಕ ನಂದಲ್ಲ. ಒಬ್ಬನ ಅಳತಿ ತಗಂಡು ಇನ್ನೊಬ್ಬನಿಗೆ ಪ್ಯಾಂಟ್ ಹೊಲದ್ರಿ. ಸರಿ ಕೂಡವಲ್ದು ಅಂತ ಹಾಕ್ಕಂಡೋನಿಗೆ ಬೈದ್ರಿ. ನಾನೊಬ್ಬನ ಅಲ್ಲ, ಒಂಬತ್ತು ಮಂದಿ ಹಿಂಗ ಬಂದಾರ. ಈ ಅಮ್ಮ ಬರದಿದ್ದು ಖರೇ ಐತಿ. ಆಕಿಗೆ ಮಾರ್ಕ್ ಹಾಕ್ರಿ, ನನಗ ಕಾಗದ ಬರಕೊಡ್ರಿ.”

ಮೇಡಂ ಮುಖದಲ್ಲಿ ಮೊದಲು ಕಂಡದ್ದು ಸಿಟ್ಟು. “ಒಂಬತ್ತಾ?” ಅಂದರು. ಆ ಸಂಖ್ಯೆ ಒಳಗಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಇಳಿದ ಮೇಲೆ ಸಿಟ್ಟು ಹೋಗಿ ಬೇರೇನೋ ಬಂತು. ಎದ್ದು ಬಂದು, ಅಂದು ಮೊದಲ ಸಲ, ಅವನ ಬಲಗೈ ಹಿಡಿದು ಮೆಲ್ಲಗೆ ಮೇಲೆತ್ತಿದರು. ಬಿಟ್ಟರು. ಕೈ ಸೋತು ಕೆಳಗೆ ಬಿತ್ತು. ಹೆಗಲಿನ ಹಿಂದೆ ಎರಡು ಬೆರಳಿಂದ ಒತ್ತಿ ನೋಡಿದರು. ಅಲ್ಲಿ ಮಾಂಸ ಬತ್ತಿ ಗುಳಿ ಬಿದ್ದಿತ್ತು.

“ಎಷ್ಟು ದಿನ ಆಯ್ತು ಇದು?”

“ಆರು ತಿಂಗಳ್ರಿ.”

“ಆರು ತಿಂಗಳು ಹೀಗೇ ಹೊಲೀತಿದ್ದೀಯ?” ಆ ಮಾತಿನಲ್ಲಿ ನಿಜವಾದ ಮರುಕವಿತ್ತು. ಹಾಗಾಗಿ ಆಮೇಲೆ ಆದದ್ದು ಅವನಿಗೆ ಇನ್ನೂ ಕೆಟ್ಟದಾಗಿ ಕಂಡಿತು.

ಅವರು ಹೋಗಿ ಕೂತರು. ಲೆಟರ್‌ಹೆಡ್ಡಿನ ಹಾಳೆ ತೆಗೆದು ಸರಸರ ಬರೆದರು. ಹೆಗಲಿನ ಸ್ನಾಯು ಹರಿದಿದೆ, ಭಾರದ ಕೆಲಸ ಕೊಡಕೂಡದು, ಸ್ಕ್ಯಾನ್ ಆಗಬೇಕು. ಸಹಿ ಹಾಕಿ ಸೀಲು ಒತ್ತಿದರು. ಚೌಡೇಶನಿಗೆ ಆರು ತಿಂಗಳಿಂದ ಬೇಕಾಗಿದ್ದ ಕಾಗದ ಮೇಜಿನ ಮೇಲೆ, ಕೈಗೆ ಎಟಕುವಷ್ಟು ದೂರದಲ್ಲಿತ್ತು. ತಾರೀಖು ಮಾತ್ರ ಮುಂದಿನ ವಾರದ್ದು, ಇವತ್ತಿನ ಪರೀಕ್ಷೆಗೆ ತಳಕು ಬೀಳದ ಹಾಗೆ.

ಆಮೇಲೆ ಇನ್ನೊಂದು ಬಿಳಿ ಹಾಳೆ ತೆಗೆದು ತೆಲುಗಿನಲ್ಲಿ ನಾಲ್ಕು ಸಾಲು ಬರೆದು ಅವನ ಕಡೆ ತಿರುಗಿಸಿದರು. ಅವನು ಓದಿಕೊಂಡ, ಅಷ್ಟಕ್ಕೆ ಒಂಬತ್ತನೇ ಕ್ಲಾಸು ಸಾಕಿತ್ತು. ಮೊದಲ ಪರೀಕ್ಷೆಯ ದಿನ ನಾನೇ ಖುದ್ದಾಗಿ ಹಾಜರಿದ್ದೆ. ಇವತ್ತು ಸರ್ಟಿಫಿಕೇಟಿನ ಆಸೆಗೆ ಬೇಕೆಂದೇ ಕೈ ಎತ್ತದೆ ಇದ್ದೆ. ನನಗೆ ಗೊತ್ತಿರುವಂತೆ ಎಲ್ಲರೂ ಎರಡೂ ದಿನ ತಾವೇ ಬಂದಿದ್ದರು.

“ಇದಕ್ಕೊಂದು ಸಹಿ ಹಾಕು. ಆ ಕಾಗದ ತಗೊಂಡು ಹೋಗು,” ಅಂದರು ಮೇಡಂ. ದನಿ ಈಗ ಬೆಣ್ಣೆಯಂತಿತ್ತು. “ನೋಡಪ್ಪಾ, ಎರಡು ವರ್ಷದ ಕೆಲಸ ಇದು. ಮುಂದಿನ ತಿಂಗಳು ಹೈದರಾಬಾದಿನಲ್ಲಿ ಇದನ್ನು ಓದಬೇಕು. ಆ ಐದು ಜನ ಬರೆದದ್ದು ಸರಿ ಅಂದರೆ ನಮ್ಮ ಹೊಸ ಪಾಠ ಗೆದ್ದ ಹಾಗೆ. ಕೆಟ್ಟ ಹೆಗಲು ಕಣ್ಣೆದುರಿಗಿದ್ದರೂ ಐದು ಜನ ನಾರ್ಮಲ್ ಅಂತ ಬರೆದರು ಅಂತ ಹೊರಗೆ ಹೋದರೆ, ನನ್ನ ಪಾಠವೂ ಹೋಯ್ತು, ಇಷ್ಟು ಹುಡುಗರ ಮಾರ್ಕೂ ಹೋಯ್ತು. ಇದರಿಂದ ನಿನಗೇನು ಲಾಭ?”

“ಈ ಅಮ್ಮನ ಮಾರ್ಕ್?”

ಮೇಡಂ ಬಾಗಿಲ ಬಳಿ ನಿಂತಿದ್ದ ಕೃಷ್ಣವೇಣಿಯ ಕಡೆ ನೋಡದೆ ಹೇಳಿದರು, “ಅವಳು ಜಾಣೆ. ಆರು ತಿಂಗಳಾದ ಮೇಲೆ ಬರೆದರೆ ಪಾಸಾಗ್ತಾಳೆ. ನಿನ್ನ ಕೈ ಆರು ತಿಂಗಳು ಕಾಯೋದಿಲ್ಲ. ಅದನ್ನು ಯೋಚನೆ ಮಾಡು.”

ಅದು ಸುಳ್ಳಲ್ಲ. ಆ ಹೆಂಗಸು ಆ ಕೋಣೆಯಲ್ಲಿ ಆಡಿದ ಮಾತುಗಳಲ್ಲೆಲ್ಲ ಅತಿ ದೊಡ್ಡ ನಿಜ ಅದೇ ಆಗಿತ್ತು, ಅದನ್ನೇ ಅವನ ಕುತ್ತಿಗೆಗೆ ಹಿಡಿದಿದ್ದರು. ತಾನು ಸುಳ್ಳ ಎಂದು ಬರೆದುಕೊಟ್ಟರೆ ನಿಜದ ಕಾಗದ. ನೋವಿಲ್ಲ ಎಂದು ಸಹಿ ಹಾಕಿದರೆ ನೋವಿದೆ ಎಂದು ಸೀಲು. ಚೌಡೇಶ ಕೃಷ್ಣವೇಣಿಯನ್ನು ನೋಡಿದ. ಸಹಿ ಹಾಕಬೇಡ ಎಂದು ಅವಳು ಹೇಳಲಿಲ್ಲ. ಅವಳು ನೋಡುತ್ತಿದ್ದದ್ದು ಅವನ ಹೆಗಲನ್ನು. ಮೆಲ್ಲಗೆ ಅಂದಳು, “ಹಾಕ್ರಿ ಅಣ್ಣಾ. ನಂದು ನಾನು ನೋಡ್ಕೋತೀನಿ.”

ಅವಳು ಹಾಗಂದದ್ದನ್ನೇ ಅವನಿಗೆ ತಡೆಯಲಾಗಲಿಲ್ಲ. ಬೆಳಿಗ್ಗೆಯಿಂದ ಇಡೀ ಹಾಲಿನಲ್ಲಿ ಅವನ ಮೈಯನ್ನು ಮೈ ಎಂದು ಮುಟ್ಟಿದವಳು ಇವಳೊಬ್ಬಳು. ಕಂಡದ್ದನ್ನು ಕಂಡ ಹಾಗೆ ಬರೆದವಳೂ ಇವಳೊಬ್ಬಳೇ. ಅದಕ್ಕೆ ಸೊನ್ನೆ. ಆ ಸೊನ್ನೆಯ ಕೆಳಗೆ ಈಗ ಅವನು ಹೆಸರು ಬರೆಯಬೇಕು.

ಮೇಡಂ ಪೆನ್ನಿನ ಮುಚ್ಚಳ ತೆಗೆದು ಅವನ ಬಲಗೈಗೆ ಹಿಡಿಸಿದರು. ಮಾತ್ರೆಯ ಪಟ್ಟಿಯೊಂದನ್ನೂ ಪಕ್ಕಕ್ಕಿಟ್ಟರು. “ನೋವಿಗೆ ಇದು ತಗೋ. ಸ್ಕ್ಯಾನಿಗೆ ನಾನೇ ಹೇಳ್ತೀನಿ. ನಿನ್ನ ಮೇಸ್ತ್ರಿಗೆ ಬೇಕಾದರೆ ಫೋನೂ ಮಾಡ್ತೀನಿ. ಏನಂತೀಯಪ್ಪಾ?”

ಚೌಡೇಶ ಪೆನ್ನನ್ನು ಎಡಗೈಗೆ ತೆಗೆದುಕೊಂಡು, ಸಹಿ ಹಾಕದೆ ಎರಡು ಹಾಳೆಗಳ ನಡುವೆ ಅಡ್ಡಲಾಗಿ ಇಟ್ಟ. ಸೀಲೊತ್ತಿದ ಕಾಗದವನ್ನೂ ಮಾತ್ರೆಯನ್ನೂ ಮುಟ್ಟಲಿಲ್ಲ. ಅಂಗಿಯ ಮೇಲಿನ ಎರಡು ಗುಂಡಿಗಳನ್ನು ಎಡಗೈಯಿಂದ ತಡಕಾಡಿ ಹಾಕಿಕೊಂಡ, ಮೂರನೆಯದು ಸಿಗಲಿಲ್ಲ, ಬಿಟ್ಟ. ಕೃಷ್ಣವೇಣಿ ಬಾಗಿಲಿಂದ ಸರಿದು ದಾರಿ ಬಿಟ್ಟಳು.

“ಏಯ್, ನಿನ್ನನ್ನೇ ಕೇಳ್ತಿರೋದು. ಈ ಕಾಗದ ಇನ್ನೊಂದು ಸಲ ಸಿಗೋದಿಲ್ಲ, ಗೊತ್ತಾ?”

ಅವನು ವರಾಂಡ ಇಳಿದ. ರಾಯದುರ್ಗದವರನ್ನು ಕರೆದೊಯ್ಯಬೇಕಾದ ಕಾಲೇಜಿನ ಬಸ್ಸು ಬೇವಿನ ಮರದ ಕೆಳಗೆ ನಿಂತಿತ್ತು, ಅದನ್ನು ದಾಟಿದ. ಸೂರಪ್ಪ ಕೈ ಎತ್ತಿ ಏನೋ ಕೇಳಿದ. ಹಿಂದೆ ಮೇಡಂ ಬಾಗಿಲವರೆಗೂ ಬಂದು ಕೂಗುತ್ತಿದ್ದರು, ಈ ಸಲ ಹೆಸರು ಹಿಡಿದು. ಚೌಡೇಶ ಗೇಟು ದಾಟಿ, ಸುಡುವ ರಸ್ತೆಯಲ್ಲಿ ಆರ್‌ಟಿಸಿ ಬಸ್‌ಸ್ಟ್ಯಾಂಡಿನ ಕಡೆ ನಡೆದ.